ಎರಡು ಚೀಲದ ಬಟ್ಟೆ

ಈ ಬರಹವನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಏನಾದರೂ ಅನುಭವ ಬರೆದುಕೊಡಿ ಎಂದು ಕೇಳಿದಾಗಲೆಲ್ಲ ಬೇರೆ ಏನನ್ನೋ ಕೊಟ್ಟು ಜಾರಿಕೊಂಡೆ. ಒಮ್ಮೆ ಹಿತ್ತಲಿನ ಹೀರೇಬಳ್ಳಿಯ ಬಗ್ಗೆ ಬರೆದೆ, ಇನ್ನೊಮ್ಮೆ ಅರವತ್ತು ದಾಟಿದ ಮೇಲೆ ಈಜು ಕಲಿಯಲು ಹೋಗಿ ಪಟ್ಟ ಪಾಡಿನ ಬಗ್ಗೆ. ಓದಿದವರು “ಅಂಕಲ್, ಸಖತ್ತಾಗಿ ನಗಿಸ್ತೀರ” ಎಂದರು. ಇನ್ನೂ ಒಂದು ಮಾತನ್ನು ನಾನು ಸಂಘದಲ್ಲಿ ಬಾಯಿಬಿಟ್ಟು ಹೇಳಿಲ್ಲ. ಅದು ಈ ಕಥೆಗೆ ಬೇಕಾದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಲಂಬಾಣಿ. ಹುಟ್ಟಿದ್ದು ವಿಜಯಪುರದ ಹತ್ತಿರದ ಒಂದು ತಾಂಡಾದಲ್ಲಿ. ಯಾವ ಕಡೆಯವರು ಎಂದು ಕೇಳಿದರೆ “ಬಿಜಾಪುರದ ಕಡೆ” ಎಂದು ಮುಗಿಸುತ್ತಿದ್ದೆ. ಪಿಯುಸಿಯವರೆಗೆ ಓದಿ, ನರ್ಸ್ ಆಗಿದ್ದ ಹೆಂಡತಿಯ ಬೆನ್ನು ಹಿಡಿದು ಟೆಕ್ಸಸ್ಸಿಗೆ ಬಂದವನು.

೨೦೧೪ರ ಬೇಸಿಗೆಯಲ್ಲಿ ನಾನು ಒಂದು ಆಶ್ರಯಮನೆಯಲ್ಲಿ ಕೆಲಸಕ್ಕಿದ್ದೆ. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟ ಹೆಂಗಸರು ಮಕ್ಕಳೊಂದಿಗೆ ಇರುವ ಜಾಗ ಅದು. ಹ್ಯೂಸ್ಟನ್ ಪಕ್ಕದ ನಮ್ಮ ಸ್ಟಾಫರ್ಡ್‌ನಿಂದ ಹೆಚ್ಚು ದೂರವಿರಲಿಲ್ಲ. ಎಲ್ಲಿ ಎಂದು ಆಗಲೂ ಹೇಳುತ್ತಿರಲಿಲ್ಲ, ಈಗಲೂ ಹೇಳುವುದಿಲ್ಲ. ವ್ಯಾನ್ ಓಡಿಸುವುದು, ನಲ್ಲಿ ರಿಪೇರಿ, ಬಟ್ಟೆ ಒಗೆಯುವ ಕೋಣೆ, ಈ ಮೂರು ನನ್ನ ಪಾಲಿಗಿದ್ದವು. ಮೇಲಿನ ಮಹಡಿಗೆ, ಹೆಂಗಸರು ಮಲಗುವ ಕಡೆಗೆ, ನಾನು ಹತ್ತುವಂತಿರಲಿಲ್ಲ. ಎಲ್ಲರೂ ನನ್ನನ್ನು ಅಂಕಲ್ ಎನ್ನುತ್ತಿದ್ದರು. ಮೊದಲು ಯಾರೋ ಹೈದರಾಬಾದಿನ ಹುಡುಗಿ ಹಾಗೆ ಕರೆದಳು, ಆಮೇಲೆ ಕರಿಯರು, ಬಿಳಿಯರು, ಮೆಕ್ಸಿಕೋದವರು ಎಲ್ಲರಿಗೂ ಅದೇ ಆಯಿತು. ಕೇಸ್‌ವರ್ಕರ್ ಮಾತ್ರ ನನ್ನನ್ನು “ಓಲ್ಡ್ ಮ್ಯಾನ್” ಎಂದು ಕರೆಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಟೆಕ್ಸಸ್ಸಿನ ದಕ್ಷಿಣದ ಗಡಿಯವಳು, ಸ್ಪ್ಯಾನಿಷ್ ಮನೆಮಾತು. ಒಳಗೆ ಬಂದ ಪ್ರತಿಯೊಬ್ಬಳ ಕಾಗದ, ಕೋರ್ಟು, ವಕೀಲರು, ಮುಂದೆ ಎಲ್ಲಿಗೆ ಹೋಗಬೇಕು ಎಂಬ ಯೋಜನೆ, ಎಲ್ಲವೂ ಅವಳ ಮೇಜಿನ ಮೇಲೆ.

ಯಾರಾದರೂ ಹೊಸದಾಗಿ ಬಂದರೆ ಒಂದು ಕ್ರಮವಿತ್ತು. ನಾನು ನೇರವಾಗಿ ಮನೆಗೆ ಕರೆತರುತ್ತಿರಲಿಲ್ಲ. ಹೇಳಿದ ಪಾರ್ಕಿಂಗ್ ಲಾಟಿನಲ್ಲಿ ಕಾಯುವುದು, ಕೇಸ್‌ವರ್ಕರ್ ಇಳಿದು ಮಾತಾಡಿ ಹತ್ತಿಸಿಕೊಳ್ಳುವುದು, ಫೋನಿನಲ್ಲಿ ಜಾಗ ತೋರಿಸುವುದನ್ನೆಲ್ಲ ಆಫ್ ಮಾಡಿಸುವುದು. ಮನೆ ಮುಟ್ಟಿದ ಮೇಲೆ ತಂದ ಬಟ್ಟೆಯನ್ನೆಲ್ಲ ನಲವತ್ತು ನಿಮಿಷ ಬಿಸಿ ಡ್ರೈಯರಿಗೆ ಹಾಕುವುದು. ಇದು ತಿಗಣೆಗಾಗಿ, ಒಬ್ಬರ ಚೀಲದಲ್ಲಿ ಒಂದು ಬಂದರೂ ಇಡೀ ಮನೆ ಹಾಳು. ಕೊನೆಗೆ ದಿನಚರಿ ಪುಸ್ತಕದಲ್ಲಿ ಸಮಯ ಬರೆದು ಸಹಿ. ಕಂಡದ್ದನ್ನು ಬರೆ, ಅನಿಸಿದ್ದನ್ನು ಬರೆಯಬೇಡ ಎಂಬುದು ಆ ಪುಸ್ತಕದ ನಿಯಮ.

ಆಕೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ಇಪ್ಪತ್ತಾರು ವರ್ಷವಿರಬಹುದು. ಜೊತೆಗೆ ನಾಲ್ಕು ವರ್ಷದ ಮಗಳು. ಆ ಸೆಕೆಯಲ್ಲೂ ಪಾದದವರೆಗೆ ಲಂಗ, ತಲೆಗೆ ಕಟ್ಟಿದ ಚೌಕ. ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಗಾಯ. ಎರಡು ಚೀಲ ಹಿಡಿದಿದ್ದಳು; ಒಂದರ ಬಾಯಿಗೆ ಬಿಳಿ ಪಟ್ಟಿ ಕಟ್ಟಿತ್ತು, ಇನ್ನೊಂದಕ್ಕೆ ಕೆಂಪು. ವ್ಯಾನಿನ ಕನ್ನಡಿಯಲ್ಲಿ ನನ್ನ ಮುಖವನ್ನು ನೋಡಿ ನೋಡಿ ಕೇಳಿದಳು, “ನೀವು ಇಂಡಿಯಾದವರಾ?”

“ಹೌದು.”

“ನಮ್ಮ ಹಿರಿಯರೂ ಅಲ್ಲಿಂದ ಬಂದವರಂತೆ. ಯಾವ ಕಾಲದಲ್ಲೋ. ನಾವು ರೋಮಾ. ನೀವೆಲ್ಲ ಜಿಪ್ಸಿ ಅಂತೀರಲ್ಲ, ಅದು ಬೇಡ.”

ಮಗು ನೀರು ಕೇಳಿತು. ತಾಯಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಅದರಲ್ಲಿ ‘ಪಾನಿ’ ಇತ್ತು. ನಮ್ಮ ಲಂಬಾಣಿ ಮಾತಿನಲ್ಲೂ ನೀರಿಗೆ ಅದೇ. ನಾನು ಕಿವಿ, ಮೂಗು ಮುಟ್ಟಿ ತೋರಿಸಿ ನಮ್ಮ ಮಾತಿನಲ್ಲಿ ಹೇಳಿದೆ. ಆಕೆ ನಕ್ಕು ತನ್ನ ಮಾತಿನಲ್ಲಿ ಹೇಳಿದಳು. ಎರಡೂ ಅಕ್ಕತಂಗಿಯರ ಹಾಗಿದ್ದವು. ಕೇಸ್‌ವರ್ಕರ್, “ಓಲ್ಡ್ ಮ್ಯಾನ್, ರಸ್ತೆ ನೋಡು, ನೆಂಟಸ್ತನ ಆಮೇಲೆ ಬೆಳೆಸು” ಎಂದಳು. ನನ್ನ ಅಜ್ಜಿ ಇಂಥದೇ ಘೇರಿನ ಲಂಗ ತೊಡುತ್ತಿದ್ದಳು. ಇಷ್ಟು ವರ್ಷ ನಮ್ಮವರೆಂದು ಯಾರನ್ನೂ ಹೇಳಿಕೊಳ್ಳದೆ ಬದುಕಿದ ನನಗೆ, ಹ್ಯೂಸ್ಟನ್ನಿನ ಟ್ರಾಫಿಕ್ಕಿನ ನಡುವೆ, ನಮ್ಮವಳೊಬ್ಬಳು ಸಿಕ್ಕಳು ಅನಿಸಿತು.

ಎರಡು ಚೀಲದ ಸಂಗತಿಯನ್ನು ಆಕೆ ಅಂದೇ ಹೇಳಿದಳು. ಬಿಳಿ ಪಟ್ಟಿಯದರಲ್ಲಿ ಸೊಂಟದ ಮೇಲಿನ ಬಟ್ಟೆ, ತಲೆಯ ಚೌಕ, ಮಗುವಿನವು. ಕೆಂಪು ಪಟ್ಟಿಯದರಲ್ಲಿ ಸೊಂಟದ ಕೆಳಗಿನವು. ಎರಡೂ ಒಂದೇ ನೀರಿನಲ್ಲಿ ಬೀಳಬಾರದು. ಬಿದ್ದರೆ ಆ ಬಟ್ಟೆ ಮೈಲಿಗೆ, ಉಟ್ಟವರೂ ಮೈಲಿಗೆ, ಅವರೊಂದಿಗೆ ಕೂತು ಉಂಡವರೂ ಮೈಲಿಗೆ. ಆಕೆಯ ಮುಂದಿನ ದಾರಿಯೂ ಅದಕ್ಕೇ ಕಟ್ಟಿಬಿದ್ದಿತ್ತು. ಎರಡು ವಾರ ಬಿಟ್ಟು ಮಂಗಳವಾರ ಕೋರ್ಟು. ಗಂಡ ಹತ್ತಿರ ಬರಬಾರದು, ಮಗು ತಾಯಿಯ ಬಳಿ ಇರಬೇಕು ಎಂಬ ತಾತ್ಕಾಲಿಕ ಆದೇಶ ಸಿಕ್ಕಿತ್ತು. ಅಂದು ಆಕೆ ಜಡ್ಜ್ ಮುಂದೆ ನಿಂತು ಹೇಳಿದರೆ ಅದು ಎರಡು ವರ್ಷಕ್ಕೆ ಗಟ್ಟಿಯಾಗುತ್ತದೆ, ಹೋಗದಿದ್ದರೆ ಬಿದ್ದುಹೋಗುತ್ತದೆ. ಕೋರ್ಟು ಮುಗಿದ ಮೇಲೆ ಡಾಲಸ್‌ನಲ್ಲಿರುವ ತಾಯಿಯ ಮನೆಗೆ ಹೋಗಬೇಕು. ಆದರೆ ಗಂಡನ ಕಡೆಯವರು ಆಗಲೇ ಸುದ್ದಿ ಹಬ್ಬಿಸಿದ್ದರು: ಅವಳು ಹೊರಗಿನವರ ಮನೆ ಸೇರಿದ್ದಾಳೆ, ಮೈಲಿಗೆಯಾಗಿದ್ದಾಳೆ, ಅಂಥವಳ ಬಳಿ ಮಗು ಇರಬಾರದು. ತಾಯಿ ಫೋನಿನಲ್ಲಿ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ, “ಬೇರೆ ಬೇರೆ ಇಟ್ಟುಕೊಂಡಿದ್ದೀಯಾ?” ಹೌದು ಎಂದು ಹೇಳುವಷ್ಟು ದಿನ ತಾಯಿಯ ಬಾಗಿಲು ತೆರೆದಿರುತ್ತದೆ.

ಮೊದಲ ವಾರ ನಾನು ಎಲ್ಲವನ್ನೂ ಸರಿಯಾಗಿ ಮಾಡಿದೆ. ಡ್ರೈಯರುಗಳು ಎರಡಿದ್ದವು, ಬೇರೆ ಬೇರೆ ಹಾಕಿದೆ. ಒಗೆಯುವ ಮಷೀನಿನಲ್ಲಿ ಆಕೆ ತಾನೇ ಒಗೆದುಕೊಂಡಳು. ನಡುವೆ ಒಮ್ಮೆ ಖಾಲಿ ಮಷೀನನ್ನು ಬಿಸಿನೀರಿನಲ್ಲಿ ಓಡಿಸುತ್ತಿದ್ದಳು.

ಎಡವಟ್ಟು ಶುರುವಾದದ್ದು ಊಟದಿಂದ. ಆಕೆ ಆ ಮನೆಯ ತಟ್ಟೆ ಲೋಟ ಮುಟ್ಟುತ್ತಿರಲಿಲ್ಲ. ಪೇಪರ್ ಪ್ಲೇಟು, ಸೀಲ್ ಒಡೆಯದ ಡಬ್ಬಿ, ಸಿಪ್ಪೆಯಿರುವ ಹಣ್ಣು, ಇಷ್ಟೇ. ನಮ್ಮವಳು ಎಂಬ ಅಭಿಮಾನದಲ್ಲಿ ನಾನು ಒಂದು ದಿನ ಮನೆಯಿಂದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಒಯ್ದೆ. ಆಕೆ ಎದೆಯ ಮೇಲೆ ಕೈಯಿಟ್ಟು ಥ್ಯಾಂಕ್ಸ್ ಹೇಳಿ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಮಗು ಕೈ ಚಾಚಿತು. ತಾಯಿ ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದಳು. ನಾನು ನೋಡಿದೆ. ನಾನು ನೋಡಿದ್ದನ್ನು ಆಕೆಯೂ ನೋಡಿದಳು.

ನನಗೆ ಹತ್ತು ವರ್ಷವಿದ್ದಾಗ ಶಾಲೆಯ ಗೆಳೆಯನ ಮನೆಗೆ ಹೋಗಿದ್ದೆ. ಅವನ ತಾಯಿ ನನ್ನನ್ನು ಕಟ್ಟೆಯ ಕೆಳಗೆ ಕೂರಿಸಿ, ಬೊಗಸೆ ಹಿಡಿ ಎಂದು ಹೇಳಿ, ಎತ್ತರದಿಂದ ನೀರು ಸುರಿದಳು. ಅರ್ಧ ನೀರು ಮೊಣಕೈಯಿಂದ ಅಂಗಿಯೊಳಗೆ ಇಳಿಯಿತು. ನಾನು ಎದ್ದ ಮೇಲೆ ಆ ಜಾಗಕ್ಕೆ ಸಗಣಿ ನೀರು ಬಿತ್ತು. ಮಡಿ ಮೈಲಿಗೆ ಎಂದರೆ ನನಗೆ ಗೊತ್ತಿದ್ದದ್ದು ಅದೊಂದೇ. ಮಗುವಿನ ಕೈ ಹಿಂದೆ ಸರಿದಾಗ ನಾನು ಮತ್ತೆ ಆ ಕಟ್ಟೆಯ ಕೆಳಗೆ ಕೂತಿದ್ದೆ.

ಸಂಜೆ ಮನೆಯಲ್ಲಿ ಡಬ್ಬಿ ಹಾಗೇ ವಾಪಸ್ ಬಂದದ್ದನ್ನು ನೋಡಿ ಹೆಂಡತಿ ಕೇಳಿದಳು, “ಯಾಕ್ರಿ, ಖಾರ ಜಾಸ್ತಿ ಆತೇನು?”

“ಮುಟ್ಟಲೇ ಇಲ್ಲ. ಮಡಿಯಂತ ಮಡಿ. ನಮ್ಮ ಕೈಯಾಗಿಂದು ತಿನ್ನಂಗಿಲ್ಲಂತ.”

“ಅದಕ್ಕ ಮಾರಿ ಹಿಂಗ ಮಾಡ್ಕೊಂಡು ಕುಂತೀರೇನು?” ಎಂದು ನಕ್ಕಳು. “ನಮ್ಮ ಆಸ್ಪತ್ರಿಗೂ ಬರ್ತಾರ ಅವರು. ಒಬ್ಬಾಕಿಗೆ ಹುಷಾರಿಲ್ಲಂದ್ರ ಮೂವತ್ತು ಮಂದಿ ಬಂದು ಕಾರಿಡಾರ್‌ನಾಗ ನಿಲ್ತಾರ. ಮಾರಿಗೆ ಒಂದು ಸೋಪು, ಕಾಲಿಗೆ ಒಂದು ಸೋಪು ಕೇಳ್ತಾರ. ಕೊಡ್ತೀವಪ್ಪ, ಸೋಪು ಏನು ದೊಡ್ಡದು? ಅದನ್ನ ಕೊಟ್ರ ಔಷಧಿನೂ ತಗೋತಾರ.”

“ನಮಗ ನೀರು ಮ್ಯಾಲಿಂದ ಹಾಕಿದವರೂ ಹಿಂಗ ಅಂತಿದ್ರು.”

“ಅವರು ಊರಿನ ಒಡೆಯರಾಗಿದ್ರು. ಈಕಿ ಓಡಿ ಬಂದ ಹುಡುಗಿ. ಅದೂ ಇದೂ ಒಂದೇ ಏನ್ರಿ? ನಿಮ್ಮ ರೊಟ್ಟಿ ತಿನ್ಲಿಲ್ಲಂತ ಸಿಟ್ಟು ಬಂದದ, ಅದಕ್ಕ ದೊಡ್ಡ ಹೆಸರು ಕೊಡಬ್ಯಾಡ್ರಿ.”

ಅವಳ ಮಾತು ಸರಿಯಿತ್ತು. ಸರಿಯಿದ್ದುದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು.

ಎರಡನೇ ವಾರದ ಗುರುವಾರ. ಒಗೆಯುವ ಎರಡು ಮಷೀನುಗಳಲ್ಲಿ ಒಂದರ ಬೆಲ್ಟ್ ತುಂಡಾಗಿ ಎರಡು ದಿನವಾಗಿತ್ತು, ಹೊಸ ಬೆಲ್ಟ್ ಬಂದಿರಲಿಲ್ಲ. ಆಕೆಯ ಒಗೆಯುವ ಸರದಿ ಬಂದಿತ್ತು, ಆದರೆ ಅದೇ ಹೊತ್ತಿಗೆ ವಕೀಲೆಯ ಬಳಿ ಹೋಗಿ ಹೇಳಿಕೆಗೆ ಸಹಿ ಹಾಕಬೇಕಿತ್ತು. ಮಂಗಳವಾರ ಕೋರ್ಟಿಗೆ ತೊಡುವ ಬಟ್ಟೆ ಒಗೆಯುವುದು ಬಾಕಿಯಿತ್ತು. ಎರಡು ಚೀಲ ತಂದು ನನ್ನ ಮುಂದೆ ಇಟ್ಟಳು.

“ಅಂಕಲ್, ಮೊದಲು ಬಿಳಿ. ಆಮೇಲೆ ಖಾಲಿ ಒಂದು ಸಲ, ಬಿಸಿನೀರು. ಆಮೇಲೆ ಕೆಂಪು. ಟೈಮ್ ಇಲ್ಲದಿದ್ದರೆ ಮುಟ್ಟಲೇ ಬೇಡಿ, ಹಾಗೇ ಬಿಡಿ. ನಾಳೆ ನಾನೇ ಮಾಡ್ಕೊತೀನಿ.”

“ಆಯ್ತು” ಎಂದೆ.

ಸಮಯವಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಮಧ್ಯಾಹ್ನದವರೆಗೂ ಬೇರೆ ಕೆಲಸವಿರಲಿಲ್ಲ. ಬಿಳಿ ಚೀಲವನ್ನು ಮಷೀನಿಗೆ ಸುರಿದೆ. ಕೆಂಪು ಚೀಲವನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನಿಂತೆ. ಆಮೇಲೆ ಅದನ್ನೂ ಸುರಿದೆ. ಸೋಪಿನ ಪುಡಿ ಹಾಕಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದೆ. ಗಾಜಿನೊಳಗೆ ಲಂಗವೂ ಚೌಕವೂ ಒಟ್ಟಿಗೆ ಸುತ್ತುವುದನ್ನು ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ನನಗೆ ಸಮಾಧಾನವಾಯಿತು. ಇದನ್ನು ಬರೆಯಲಿಕ್ಕೇ ಇಷ್ಟು ವರ್ಷ ಹಿಡಿಯಿತು: ನನಗೆ ಸಮಾಧಾನವಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಕೆಗೆ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಪಾಠ ಕಲಿಸಬೇಕಿತ್ತು. ಆಕೆ ಬಂದಾಗ ಎಲ್ಲವನ್ನೂ ಮಡಚಿ ಒಂದೇ ಬುಟ್ಟಿಯಲ್ಲಿಟ್ಟು, ಮೊಮ್ಮಗಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದೆ, “ನೋಡಮ್ಮ, ಎಲ್ಲಾ ಒಟ್ಟಿಗೇ ಹಾಕಿದೆ. ಏನಾಯ್ತು? ಏನೂ ಆಗಲಿಲ್ಲ. ಇವನ್ನೆಲ್ಲ ಬಿಡಬೇಕು. ನಮ್ಮ ಜನ ಇದರಿಂದ ಪಟ್ಟದ್ದು ಸಾಕು.”

ಆಕೆ ಕಿರುಚಲಿಲ್ಲ. ಬುಟ್ಟಿಯ ಹತ್ತಿರ ಬಂದಳು, ಮುಟ್ಟಲಿಲ್ಲ. ಮೇಲಿದ್ದ ನೀಲಿ ರವಿಕೆಯನ್ನು ನೋಡಿದಳು. ಕೋರ್ಟಿಗೆಂದು ಇಟ್ಟದ್ದು ಅದೇ. “ಇವತ್ತು ಸಂಜೆ ಅಮ್ಮ ಕೇಳ್ತಾರೆ. ನಾನು ಏನು ಹೇಳಲಿ?” ಎಂದಳು. ಮಗುವನ್ನು ಎತ್ತಿಕೊಂಡು ಮೇಲೆ ಹೋದಳು.

ಮರುದಿನ ನಾನು ಕೆಲಸಕ್ಕೆ ಬಂದಾಗ ಆಕೆ ಹೊರಟಾಗಿತ್ತು. ಬೆಳಗಿನ ಪಾಳಿಯವಳು ಬಾಗಿಲು ತೆಗೆದುಕೊಟ್ಟಿದ್ದಳು. ಯಾರನ್ನೂ ಹಿಡಿದಿಡುವ ಹಕ್ಕು ನಮಗಿಲ್ಲ. ಎರಡೂ ಚೀಲಗಳು, ಬುಟ್ಟಿ, ಎಲ್ಲ ಅಲ್ಲೇ ಇದ್ದವು. ಮೈಮೇಲಿದ್ದ ಬಟ್ಟೆಯಲ್ಲೇ ಹೋಗಿದ್ದಳು. ದಿನಚರಿಯಲ್ಲಿ ನಾನು ಬರೆದೆ: “ಸಾಮಾನು ಬಿಟ್ಟು ಹೋಗಿದ್ದಾರೆ. ಎರಡು ಚೀಲ, ಒಂದು ಬುಟ್ಟಿ.” ಸಹಿ ಮಾಡಿದೆ. ಕಂಡದ್ದನ್ನೇ ಬರೆದಿದ್ದೆ, ಸುಳ್ಳಿರಲಿಲ್ಲ.

ಕೇಸ್‌ವರ್ಕರ್ ಆ ದಿನವಿಡೀ ಫೋನ್ ಮಾಡಿದಳು. ಆಕೆಯ ಫೋನ್ ಬಂದ್. ಗಂಡನೇ ಮನವೊಲಿಸಿ ಕರೆಸಿಕೊಂಡಿರಬೇಕು ಎಂದು ಎಲ್ಲರೂ ಅಂದುಕೊಂಡರು. ಎಷ್ಟೋ ಹೆಂಗಸರು ಹಾಗೆ ತಿರುಗಿ ಹೋಗುತ್ತಾರೆ, ಮತ್ತೆ ಬರುತ್ತಾರೆ. “ನಾನು ಎಲ್ಲಿ ತಪ್ಪಿದೆ?” ಎಂದು ಅವಳು ಫೈಲಿನ ಹಾಳೆ ಹಾಳೆ ತಿರುವುತ್ತಿದ್ದಳು. ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದೆ.

ಶನಿವಾರ ಅವಳಿಗೆ ರಜೆ. ಆದರೂ ಬಂದಳು, ಅದೇ ಫೈಲು ಹಿಡಿದು. ಅದನ್ನು ನೋಡಲಾಗದೆ ಒಳಗೆ ಹೋಗಿ ಹೇಳಿದೆ. ಬಟ್ಟೆ ಒಟ್ಟಿಗೆ ಹಾಕಿದ್ದು ನಾನು ಎಂದೆ. ಅವಳು ಪೆನ್ನು ಕೆಳಗಿಟ್ಟಳು.

“ಅವಳು ನಿನಗೆ ಹೇಳಿರಲಿಲ್ಲವಾ?”

“ಸರಿಯಾಗಿ ತಿಳಿಯಲಿಲ್ಲ” ಎಂದೆ. ಅರ್ಧ ಹೇಳಿ ಅರ್ಧ ಉಳಿಸಿಕೊಂಡೆ. ಕೆಲಸ ಹೋಗುತ್ತದೆ ಎಂಬ ಭಯಕ್ಕಿಂತ ಹೆಚ್ಚಾಗಿ, ಬೇಕೆಂದೇ ಮಾಡಿದವನು ಎಂದು ಅವಳ ಕಣ್ಣಿಗೆ ಬೀಳುವುದು ಬೇಡವಾಗಿತ್ತು.

ಯಾರಿಗೆ ಏನು ತಿಳಿಸಬಹುದು ಎಂದು ಒಳಗೆ ಬರುವಾಗ ಒಂದು ಕಾಗದಕ್ಕೆ ಸಹಿ ಮಾಡಿಸುತ್ತೇವೆ. ಆ ಕಾಗದವಿಲ್ಲದೆ, ಇಂಥವಳು ನಮ್ಮಲ್ಲಿದ್ದಳು ಎಂದು ಸಹ ಯಾರಿಗೂ ಹೇಳುವಂತಿಲ್ಲ. ಪುಣ್ಯಕ್ಕೆ ಆಕೆ ತಾಯಿಯ ಹೆಸರು ಬರೆದು ಸಹಿ ಮಾಡಿದ್ದಳು. ಕೇಸ್‌ವರ್ಕರ್ ಡಾಲಸ್‌ಗೆ ಫೋನ್ ಮಾಡಿದಳು. ಆಕೆ ಗಂಡನ ಬಳಿಗೆ ಹೋಗಿರಲಿಲ್ಲ. ಬಸ್ಸು ಹಿಡಿದು ತಾಯಿಯ ಬಳಿಗೇ ಹೋಗಿದ್ದಳು. ಫೋನಿನಲ್ಲಿ ನಿಜ ಹೇಳಿದ ಮೇಲೂ, ಎದುರು ನಿಂತರೆ ತಾಯಿ ಕರಗಬಹುದು ಅಂದುಕೊಂಡಿದ್ದಳು. ತಾಯಿ ಕರಗಿದರೂ ಮನೆಯ ಹಿರಿಯ, ಆಕೆಯ ದೊಡ್ಡಪ್ಪ, ಒಪ್ಪಲಿಲ್ಲ. ಆಕೆಯೂ ಮಗುವೂ ಗ್ಯಾರೇಜಿನಲ್ಲಿ ಮಡಚುವ ಮಂಚದ ಮೇಲೆ ಮಲಗುತ್ತಿದ್ದರು. ಊಟ ಬಾಗಿಲ ಹೊರಗೆ. ಸೋಮವಾರ ಮಧ್ಯಾಹ್ನದೊಳಗೆ ದೊಡ್ಡಪ್ಪ ತೀರ್ಮಾನ ಹೇಳುವವನಿದ್ದ. ಗಂಡನ ಕಡೆಯವರು ಮಗುವನ್ನು ಕೊಡಿ ಎಂದು ಕೂತಿದ್ದರು. ಕೋರ್ಟಿಗೆ ಹೋಗಲಿ ಬಿಡಲಿ, ತನ್ನವರೇ ಮಗುವನ್ನು ಬಿಟ್ಟುಕೊಟ್ಟರೆ ಆಕೆ ಯಾರ ಬಲದ ಮೇಲೆ ನಿಲ್ಲಬೇಕು?

“ಏನು ಮಾಡಿದರೆ ಸರಿಹೋಗುತ್ತದೆ?” ಎಂದು ಕೇಸ್‌ವರ್ಕರ್ ತಾಯಿಯನ್ನೇ ಕೇಳಿದಳು. ಯಾರೂ ತೊಡದ ಹೊಸ ಬಟ್ಟೆ ಬೇಕು, ಮತ್ತೆ ಹುಡುಗಿಯ ತಪ್ಪಿಲ್ಲ ಎಂದು ಒಗೆದವನ ಕೈಯಿಂದ ಬರಹ ಬೇಕು ಎಂದಳಂತೆ ತಾಯಿ. ನಾನು ಇಂಗ್ಲಿಷಿನಲ್ಲಿ ಆರು ಸಾಲು ಬರೆದೆ. “ಅವರ ಪದ್ಧತಿ ನನಗೆ ತಿಳಿಯದೆ ಬಟ್ಟೆ ಒಟ್ಟಿಗೆ ಒಗೆದೆ. ಇದರಲ್ಲಿ ಅವರ ತಪ್ಪಿಲ್ಲ.” ಕೊನೆಗೆ ಕ್ಷಮಿಸಿ ಎಂದು ಸೇರಿಸಹೊರಟಾಗ ಕೇಸ್‌ವರ್ಕರ್ ತಡೆದಳು. “ಕಾಗದದಲ್ಲಿ ನಡೆದದ್ದಷ್ಟೇ ಇರಲಿ. ಸಾರಿ ಕೇಳೋದು ಕಾಗದದ ಕೆಲಸ ಅಲ್ಲ. ಅದನ್ನ ಬಾಯಿಂದ ಹೇಳು.”

ಸೋಮವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ವ್ಯಾನ್ ಓಡಿಸಲು ವಿಮೆಯ ಪಟ್ಟಿಯಲ್ಲಿ ಹೆಸರಿದ್ದವರು ಇಬ್ಬರೇ, ಇನ್ನೊಬ್ಬಳು ಊರಲ್ಲಿರಲಿಲ್ಲ. ಹಾಗಾಗಿ ನನ್ನನ್ನು ಕರೆದೊಯ್ಯದೆ ಗತಿಯಿರಲಿಲ್ಲ. ಹೊಸ ಬಟ್ಟೆಯ ಚೀಲಗಳು, ಅಂಗಡಿಯ ಚೀಟಿ ಸಮೇತ, ಹಿಂದಿನ ಸೀಟಿನಲ್ಲಿ ಬೇರೆ ಬೇರೆ ಇದ್ದವು. ನಾನು ಅವನ್ನು ಮುಟ್ಟಿರಲಿಲ್ಲ. “ನೀನು ಓಡಿಸು. ಇಳಿಯಬೇಡ. ಮಾತಾಡಬೇಡ” ಎಂದಿದ್ದಳು ಕೇಸ್‌ವರ್ಕರ್.

ಡಾಲಸ್‌ನ ದಕ್ಷಿಣದ ಅಂಚಿನಲ್ಲಿ ಒಂದು ಇಟ್ಟಿಗೆಯ ಮನೆ. ರಸ್ತೆಯಲ್ಲಿ ಏಳೆಂಟು ಕಾರು ನಿಂತಿದ್ದವು. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು. ನಾನು ಕಿಟಕಿ ಇಳಿಸಿಕೊಂಡು ಕೂತೆ. ಆಕೆಯ ತಾಯಿ ಬಟ್ಟೆ ತೆಗೆದುಕೊಂಡು ಒಂದೊಂದನ್ನೂ ಬಿಸಿಲಿಗೆ ಹಿಡಿದು ಚೀಟಿ ನೋಡಿದಳು. ದೊಡ್ಡಪ್ಪ ನನ್ನ ವಯಸ್ಸಿನವನೇ, ಬಿಳಿ ಹ್ಯಾಟು ಹಾಕಿದ ದಪ್ಪ ಮನುಷ್ಯ. ನನ್ನ ಕಾಗದವನ್ನು ಯಾರಿಂದಲೋ ಓದಿಸಿ ಕೇಳಿದ. ಆಮೇಲೆ ಗ್ಯಾರೇಜಿನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದ. ಕೇಸ್‌ವರ್ಕರಿಗೂ ಕೇಳಲಿ ಎಂದಿರಬೇಕು.

“ಇವನು ತಿಳಿಯದೆ ಮಾಡಿದೆ ಅಂತಾನೆ. ಹೊರಗಿನವನಿಗೆ ತಿಳಿಸೋದು ಯಾರ ಕೆಲಸ? ನಿನ್ನದು. ನೀನು ಹೇಳಿರಲಿಲ್ಲ ಅಂತಾಯ್ತು.”

ಆಕೆ ಹೊರಗೆ ಬಂದಳು. ನಾಲ್ಕು ದಿನದಿಂದ ಅದೇ ಬಟ್ಟೆ. “ಹೇಳಿದ್ದೆ. ಮೊದಲ ದಿನವೇ ಹೇಳಿದ್ದೆ. ಗುರುವಾರ ಮತ್ತೆ ಹೇಳಿದೆ.”

“ಹಾಗಾದರೆ ಇವನು ಸುಳ್ಳು ಬರೆದನಾ? ತನ್ನ ಹೆಸರು ಹಾಕಿ?”

“ಹೇಳಿದ್ದೆ” ಎಂದಳು ಮತ್ತೆ, ದನಿ ಇಳಿದಿತ್ತು. ತಾಯಿ ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. ದೊಡ್ಡಪ್ಪ ಕಾಗದವನ್ನು ಮಡಚಿದ.

ಆಕೆಯನ್ನು ಉಳಿಸಲೆಂದು ತಂದ ಕಾಗದವೇ ಆಕೆಯನ್ನು ಸುಳ್ಳುಗಾತಿ ಮಾಡುತ್ತಿತ್ತು. ನಾನು ವ್ಯಾನಿನಿಂದ ಇಳಿದೆ. “ಓಲ್ಡ್ ಮ್ಯಾನ್, ಬೇಡ” ಎಂದಳು ಕೇಸ್‌ವರ್ಕರ್. ನಾನು ಹುಲ್ಲಿನ ಅಂಚಿನವರೆಗೆ ಹೋಗಿ ನಿಂತೆ. ಅದಕ್ಕಿಂತ ಹತ್ತಿರ ಬರುವುದು ಅವರಿಗೆ ಬೇಡವೆಂದು ಅವರ ನಿಲುವಿನಲ್ಲೇ ಗೊತ್ತಾಗುತ್ತಿತ್ತು.

“ಅವಳು ಹೇಳಿದ್ದಳು” ಎಂದೆ.

ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀನು ಇಂಡಿಯಾದವನಲ್ಲವಾ? ಮೈಲಿಗೆ ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ಗೊತ್ತಿರಬೇಕಲ್ಲ.”

“ಗೊತ್ತಿತ್ತು.”

“ಗೊತ್ತಿದ್ದೂ ಮಾಡಿದೆಯಾ?”

“ಗೊತ್ತಿದ್ದೇ ಮಾಡಿದೆ. ಬೇಕಂತಲೇ. ಅವಳಿಗೆ ನಾನು ಆಯ್ತು ಅಂದಿದ್ದೆ. ಅವಳು ಇಲ್ಲದಾಗ ಮಾಡಿದೆ.”

“ಯಾಕೆ?”

ಬೊಗಸೆಯ ನೀರಿನ ಕಥೆ ಬಾಯಿಗೆ ಬಂತು. ಹೇಳಿದ್ದರೆ ಅವನು ಅರ್ಥಮಾಡಿಕೊಳ್ಳುತ್ತಿದ್ದನೇನೋ. ಆದರೆ ಅಲ್ಲಿ ನಿಂತು ನನ್ನ ನೋವನ್ನು ಹೇಳಿಕೊಂಡರೆ ಆಕೆಯದರ ಮುಂದೆ ತಕ್ಕಡಿಯಲ್ಲಿ ಇಟ್ಟಂತೆ ಆಗುತ್ತಿತ್ತು. “ನನ್ನ ಊಟ ಮುಟ್ಟಲಿಲ್ಲ ಅಂತ ಸಿಟ್ಟಿತ್ತು” ಎಂದೆ. ಹೆಂಡತಿ ಹೇಳಿದ್ದ ಮಾತೇ ಅದು.

ಯಾರೋ ಹಿಂದೆ ನಕ್ಕರು. ದೊಡ್ಡಪ್ಪ ನಗಲಿಲ್ಲ. ಕಾಗದವನ್ನು ಬಿಚ್ಚಿ ಪಕ್ಕದ ಕಾರಿನ ಬಾನೆಟ್ಟಿನ ಮೇಲಿಟ್ಟು, “ಇದನ್ನೂ ಬರೆ” ಎಂದ. ನಾನು ‘ತಿಳಿಯದೆ’ ಎಂಬುದನ್ನು ಹೊಡೆದುಹಾಕಿ, “ಅವರು ಎರಡು ಸಲ ಹೇಳಿದ್ದರು. ನನಗೆ ಗೊತ್ತಿತ್ತು. ಬೇಕೆಂದೇ ಮಾಡಿದೆ” ಎಂದು ಬರೆದು ಇನ್ನೊಂದು ಸಹಿ ಹಾಕಿದೆ. ಅವನು ಅದನ್ನು ಎತ್ತಿ ಹಿಡಿದು ಉಳಿದವರಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದ. ಬೆನ್ನ ಹಿಂದೆ ಬೇರೆಯವನು ಮಾಡಿದ್ದು ಅವಳ ಮೈಗೆ ಅಂಟುವುದಿಲ್ಲ ಎಂದನಂತೆ. ಹೊಸ ಬಟ್ಟೆ ತೊಡಲಿ, ಕೆಲವು ದಿನ ಬೇರೆ ಉಣ್ಣಲಿ, ಆಮೇಲೆ ಮನೆಗೆ ಬರಲಿ, ಮಗುವಿನ ಮಾತು ಇಲ್ಲಿಗೆ ಮುಗಿಯಿತು. ಕೇಸ್‌ವರ್ಕರ್ ಆಕೆಯ ತಾಯಿಯಿಂದ ಕೇಳಿಕೊಂಡು ಇದನ್ನು ನನಗೆ ಹೇಳಿದ್ದು ಆಮೇಲೆ.

ಆಕೆ ಹೊಸ ಲಂಗ ರವಿಕೆ ತೊಟ್ಟು ಬಂದು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ಮಗು. ಹ್ಯೂಸ್ಟನ್ನಿಗೆ ನಾಲ್ಕು ಗಂಟೆಯ ದಾರಿ. ಅರ್ಧ ದಾರಿ ಕಳೆದ ಮೇಲೆ ಕೇಸ್‌ವರ್ಕರ್ ಮುಂದೆ ನೋಡುತ್ತಲೇ, ಮೆಲ್ಲಗೆ, “ಶನಿವಾರ ನನಗೂ ಸುಳ್ಳು ಹೇಳಿದೆ” ಎಂದಳು. ಹೌದು ಎಂದೆ. ಪೆಟ್ರೋಲ್ ಹಾಕಿಸಲು ನಿಂತಾಗ ಅವಳು ಮಗುವನ್ನು ಬಾತ್‌ರೂಮಿಗೆ ಕರೆದೊಯ್ದಳು. ಬೇಕೆಂದೇ ಹೊತ್ತು ಮಾಡಿದಳು ಅನಿಸುತ್ತದೆ. ವ್ಯಾನಿನಲ್ಲಿ ನಾನು, ಹಿಂದೆ ಆಕೆ. ಕನ್ನಡಿಯಲ್ಲಿ ಆಕೆಯ ತಲೆಯ ಚೌಕದ ಅಂಚು ಕಾಣುತ್ತಿತ್ತು. ಹೇಳಬೇಕಾದದ್ದು ಒಂದೇ ಮಾತು. ಎಲ್ಲರ ಮುಂದೆ ಒಪ್ಪಿಕೊಂಡೆನಲ್ಲ, ಅದರಲ್ಲೇ ಬಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. “ಎಸಿ ಜಾಸ್ತಿ ಆಯ್ತಾ?” ಎಂದು ಕೇಳಿದೆ. “ಇಲ್ಲ” ಎಂದಳು.

ಮಂಗಳವಾರ ಕೋರ್ಟಿನಲ್ಲಿ ಆಕೆ ನಿಂತು ಹೇಳಿದಳು. ಎರಡು ವರ್ಷದ ಆದೇಶ ಸಿಕ್ಕಿತು. ಆಕೆಯ ಅಣ್ಣ ಡಾಲಸ್‌ನಿಂದ ಕಾರು ತಂದಿದ್ದ. ಲಿಫ್ಟಿನ ಬಳಿ ನಾನು ಫೈಲಿನ ಪೆಟ್ಟಿಗೆ ಹಿಡಿದು ನಿಂತಿದ್ದೆ. ಮಗು “ಬೈ ಅಂಕಲ್” ಎಂದು ಕೈ ಬೀಸಿತು. ತಾಯಿ ಈ ಸಲ ಆ ಕೈಯನ್ನು ಹಿಡಿದೆಳೆಯಲಿಲ್ಲ. ನನ್ನ ಎರಡೂ ಕೈ ಪೆಟ್ಟಿಗೆಯ ಕೆಳಗಿದ್ದವು. ತಲೆಯಾಡಿಸಿದೆ. ಲಿಫ್ಟಿನ ಬಾಗಿಲು ಮುಚ್ಚಿತು.

ನನ್ನ ಮೇಲೆ ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳಿಯಿತು. ಒಳಬರುವಾಗ ತುಂಬಿಸುವ ಅರ್ಜಿಗೆ ಹೊಸ ಪ್ರಶ್ನೆ ಸೇರಿತು: ನಿಮ್ಮ ಬಟ್ಟೆ, ಪಾತ್ರೆ, ಊಟದ ವಿಷಯದಲ್ಲಿ ನಾವು ತಿಳಿಯಬೇಕಾದದ್ದು ಏನಾದರೂ ಇದೆಯೇ? ಒಗೆಯುವ ಕೋಣೆಗೆ ಬಣ್ಣ ಬೇರೆಯಿರುವ ಎರಡು ಟಬ್ಬು ಬಂದವು. ಹೇಳಿದ ಕೆಲಸ ಆಗದಿದ್ದರೆ ಬಟ್ಟೆ ಮುಟ್ಟದೆ ಹಾಗೇ ಇಡುವುದು ಎಂಬ ಸಾಲನ್ನು ನಾನೇ ಬರೆಸಿದೆ. ಮರುವರ್ಷ ಇನ್ನೊಬ್ಬ ರೋಮಾ ಹೆಂಗಸು ಬಂದು ಮೂರು ವಾರ ಇದ್ದು, ಅಂದುಕೊಂಡಂತೆ ತಂಗಿಯ ಮನೆಗೆ ಹೋದಳು.

ಆಮೇಲೆ ಆಸ್ಟಿನ್ನಿನಲ್ಲಿ ಇಂಥ ಆಶ್ರಯಮನೆಗಳಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ತರಬೇತಿ ಇತ್ತು. ಆ ಅರ್ಜಿಯ ಪ್ರಶ್ನೆ ಹೇಗೆ ಬಂತು ಎಂದು ಹೇಳಲು ನನ್ನನ್ನು ಕರೆದರು. ಮೈಕ್ ಹಿಡಿದು ಹೇಳಿದೆ, “ನಮ್ಮಲ್ಲಿ ಒಬ್ಬ ಸಿಬ್ಬಂದಿ ತಿಳಿಯದೆ ಒಂದು ತಪ್ಪು ಮಾಡಿದರು.” ಚಪ್ಪಾಳೆ ಬಿತ್ತು. ಕೇಸ್‌ವರ್ಕರ್ ಎರಡನೇ ಸಾಲಿನಲ್ಲಿ ಕೂತಿದ್ದಳು, ಅವಳು ಕೈ ತಟ್ಟಲಿಲ್ಲ. ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಕಾಯುತ್ತಿದ್ದಳು.

“ಒಬ್ಬ ಸಿಬ್ಬಂದಿಯಂತೆ! ಯಾರಪ್ಪ ಅವನು? ನನಗೂ ಒಂದು ಸಲ ಪರಿಚಯ ಮಾಡಿಸು, ಓಲ್ಡ್ ಮ್ಯಾನ್.”

ನಾನು ನಗಲು ನೋಡಿದೆ.

“ಅವಳಿಗೆ ಹೇಳಿದೆಯಾ? ಆವತ್ತು ನಾನು ಪೆಟ್ರೋಲ್ ಬಂಕಿನಲ್ಲಿ ಆ ಮಗುವಿನ ಕೈ ಮೂರು ಸಲ ತೊಳೆಸಿದೆ, ನಿನಗೆ ಟೈಮ್ ಸಿಗಲಿ ಅಂತ.”

“ಇಲ್ಲ.”

ಅವಳು ಕಾರು ಸ್ಟಾರ್ಟ್ ಮಾಡಿದಳು. ಹ್ಯೂಸ್ಟನ್ ತಲುಪುವವರೆಗೆ ರೇಡಿಯೋ ಹಾಕಿಕೊಂಡಿದ್ದಳು.

ಬಿಟ್ಟು ಹೋದವರನ್ನು ನಾವಾಗಿ ಹುಡುಕಿಕೊಂಡು ಹೋಗಬಾರದು, ಪತ್ರ ಬರೆಯಬಾರದು. ಅದು ಅವರ ಸುರಕ್ಷತೆಗಾಗಿ ಇರುವ ನಿಯಮ. ನಿಯಮ ಒಳ್ಳೆಯದೇ. ನನ್ನಂಥವನಿಗೆ ಅಡಗಿಕೊಳ್ಳಲೂ ಅನುಕೂಲವಾಗಿತ್ತು. ನಿವೃತ್ತನಾಗಿ ಐದು ವರ್ಷವಾಯಿತು. ಈಗ ಕನ್ನಡದಲ್ಲಿ ಬರೆಯುತ್ತಿರುವುದೂ ಆಕೆಗೆ ತಲುಪದ ಭಾಷೆಯೆಂಬ ಧೈರ್ಯದಿಂದಲೋ ಏನೋ, ನನಗೆ ಖಚಿತವಿಲ್ಲ. ಕೋರ್ಟಿನ ಕಾಗದದಲ್ಲಿದ್ದ ಹೆಸರನ್ನು ನಾನು ಎಲ್ಲಿಯೂ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಅವರಲ್ಲಿ ಹೊರಗಿನವರಿಗೆ ಒಂದು ಹೆಸರು, ಮನೆಯವರಿಗೆ ಒಂದು. ಡಾಲಸ್‌ನಲ್ಲಿ, ದೊಡ್ಡಪ್ಪ ಕಾಗದ ಎತ್ತಿ ಹಿಡಿದ ಮೇಲೆ, ಆಕೆಯ ತಾಯಿ ಮಗಳ ಕಡೆ ಓಡುತ್ತಾ ಆಕೆಯನ್ನು ಮನೆಯ ಹೆಸರಿನಿಂದ ಕರೆದಳು. ಯಾವ ಫೈಲಿನಲ್ಲೂ ಇಲ್ಲದ ಹೆಸರು ಅದು, ಅವರಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಇರುವ ಹೆಸರು. ನಾನು ಕ್ಷಮೆ ಕೇಳದೆ ಉಳಿದದ್ದು ಅವಳಲ್ಲಿ: ಲುಲುಡಿ.